ಎರೆಭೂತದ ಕುತ್ತಿಗೆ

ಅದು ಕುತ್ತಿಗೆಯೇ, ಅಲ್ಲ, ಹುಲ್ಲಿನ ಕಡ್ಡಿ, ಗಾಳಿಗೆ ಬಾಗಿ ಎದ್ದಿತು ಅಷ್ಟೆ — ಕುತ್ತಿಗೆಯಾದರೆ ಗಾಳಿಗೆ ಬಾಗುವುದಿಲ್ಲ, ನಿಂತೇ ಇರುತ್ತದೆ, ಬೂದು ಕುತ್ತಿಗೆ, ತುದಿಗೆ ಕರಿ ಟೊಪ್ಪಿಗೆ, ಮೂರು ದಿನದಿಂದ ಈ ಸೊಪ್ಪೆಯ ಬಣವೆಯ ಸಂದಿಯಲ್ಲಿ ಕೂತು ನೋಡಿ ನೋಡಿ ಕಣ್ಣು ಮುಚ್ಚಿದರೂ ಅದೇ. ಬೆನ್ನಿಗೆ ಜೋಳದ ದಂಟು ಚುಚ್ಚುತ್ತಿದೆ, ಚುಚ್ಚಲಿ, ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಹತ್ತಿದೆ, ಹತ್ತಲಿ, ಇಲಕಲ್ಲಿನ ನನ್ನ ಫೋಟೋ ಸ್ಟುಡಿಯೊ ಮೂರು ದಿನದಿಂದ ಬಾಗಿಲು ಹಾಕಿದೆ, ಅಂಗಡಿ ಮುಚ್ಚಿ ಹಕ್ಕಿ ಹಿಂದ ಹೊಂಟೀರಿ, ನಿಮಗೂ ಎರಿಭೂತ ಬಡಕೊಂಡೈತೇನ್ರಿ ಎಂದಳು ಹೆಂಡತಿ ಶಾರವ್ವ. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ, ಎರೆಹೊಲದಲ್ಲಿ ಸದ್ದಿಲ್ಲದೆ ಅಡ್ಡಾಡುವ ಇಷ್ಟು ದೊಡ್ಡ ಹಕ್ಕಿ, ಈಗ ಇತ್ತು ಈಗ ಇಲ್ಲ, ಊರವರೇ ಅದಕ್ಕೆ ಎರೆಭೂತ ಎಂದು ಹೆಸರಿಟ್ಟಿದ್ದಾರೆ, ಭೂತ ಬಡಿದ ಮೇಲೆ ಬಿಡುತ್ತದೆಯೇ. ಕ್ಯಾಮೆರಾದ ರೀಲಿನಲ್ಲಿ ಹನ್ನೆರಡು ಫೋಟೋ, ಹನ್ನೊಂದು ಹೋದವು, ಉಳಿದದ್ದು ಒಂದು. ಇವತ್ತು ಸೋಮವಾರ. ಬಸವಣ್ಣನ ವಾರ, ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದಕ್ಕೇ ಈ ಹುಲ್ಲು ಇನ್ನೂ ನಿಂತಿದೆ, ನಾಳೆ ಬೆಳಕು ಹರಿದರೆ ಹುಲ್ಲಪ್ಪನ ತಮ್ಮಂದಿರು ನೇಗಿಲು ತರುತ್ತಾರೆ, ಹುಲ್ಲು ಹೋಗುತ್ತದೆ, ಹುಲ್ಲಿನೊಳಗೆ ಅದು ಕಾವಿಗೆ ಕೂತಿರುವ ಒಂದೇ ಒಂದು ತತ್ತಿಯೂ ಹೋಗುತ್ತದೆ. ಹೋದರೆ ನನ್ನಿಂದ.

ನನ್ನಿಂದಲೇ, ಸುತ್ತಿ ಬಳಸಿ ಯಾಕೆ ಹೇಳಬೇಕು, ಇಲ್ಲಿ ಕೇಳುವವರು ಯಾರಿದ್ದಾರೆ. ಹುಲ್ಲಪ್ಪ ನನ್ನ ಸಾಲೆಯ ಗೆಳೆಯ, ರಾಮಥಾಳದ ಈ ಎರಡು ಎಕರೆ ಹುಲ್ಲನ್ನು ಹಕ್ಕಿಗೆಂದೇ ಬಿಟ್ಟವನು, ತಮ್ಮಂದಿರ ಕೂಡ ಜಗಳಾಡಿ ಬಿಟ್ಟವನು, ಸರಕಾರದ ಕಾಗದ ತಂದು ತೋರಸು, ನಾವೂ ಬಿಡ್ತೇವಿ ಎಂದಿದ್ದರು ಅವರು. ಕಾಗದ ಬರಬೇಕಾದರೆ ಹಕ್ಕಿಗಳ ಬಗ್ಗೆ ಓದಿಕೊಂಡ ಧಾರವಾಡದ ಪ್ರೊಫೆಸರು ಸರಕಾರಕ್ಕೆ ಬರೆಯಬೇಕು, ಅವರು ಬರೆಯಬೇಕಾದರೆ ಫೋಟೋ ಬೇಕು, ನಿಂತ ಹಕ್ಕಿಯದನ್ನು ಕಳಿಸಿದರೆ ಇದು ಹೆಣ್ಣು ನವಿಲೂ ಇದ್ದೀತು, ಹಾರುವಾಗ ರೆಕ್ಕೆ ಕಾಣುವಂಥದ್ದು ಕಳಿಸಿ ಎಂದು ಉತ್ತರ ಬಂತು. ಹಾರುವ ಹಕ್ಕಿ ನನಗೆ ಸಿಗಲಿಲ್ಲ. ಅದಕ್ಕೇನಂತೆ, ಸಿದ್ದವ್ವನ ಗಂಡ ಸಿಕ್ಕಿದ್ದನೇ? ಗಂಡ ತೀರಿ ವರ್ಷವಾದ ಮೇಲೆ ಜೋಡಿ ಫೋಟೋ ಬೇಕೆಂದು ಬಂದು ಕೂತಳು, ಯಾವುದೋ ಮದುವೆಯ ಗುಂಪಿನಿಂದ ಅವನ ಮುಖ ಕತ್ತರಿಸಿ, ಯಾರದೋ ಕೋಟಿನ ಮೇಲೆ ಕೂರಿಸಿ, ಅಂಚಿಗೆ ಕುಂಚದಿಂದ ಬಣ್ಣ ಎಳೆದು ಅವಳ ಪಕ್ಕಕ್ಕೆ ತಂದುಕೊಟ್ಟೆ, ಅವಳು ಸೆರಗಿನಿಂದ ಗಾಜು ಒರೆಸಿ ಒರೆಸಿ, ಖರೇನ ಹಿಂಗ ಕುಂದರತಿದ್ರು ನೋಡ್ರಿ ಎಂದಳು. ಅದನ್ನು ಇಲಕಲ್ಲಿನಲ್ಲಿ ಯಾರೂ ಸುಳ್ಳು ಎನ್ನಲಿಲ್ಲ, ಇದ್ದ ಗಂಡ, ಇದ್ದ ಹೆಂಡತಿ, ನಡುವಿನ ಸಂದಿ ಮಾತ್ರ ನಾನು ತುಂಬಿದ್ದು. ಹಾಗೆಯೇ ಇದ್ದ ಹಕ್ಕಿ, ಇದ್ದ ರೆಕ್ಕೆ — ಬಾದಾಮಿಯ ಬಂಡೆಗಳ ಮೇಲೆ ಸುತ್ತುತ್ತಿದ್ದ ರಣಹದ್ದಿನ ಫೋಟೋ ಪೆಟ್ಟಿಗೆಯಲ್ಲಿತ್ತು, ಅದರ ರೆಕ್ಕೆ ಬಿಡಿಸಿ ಇದರ ಹೆಗಲಿಗೆ ಕೂಡಿಸಿದೆ, ಎಷ್ಟು ಚಂದ ಕೂತಿತು, ಭೂತಗನ್ನಡಿ ಹಿಡಿದರೂ ಬೆಸುಗೆ ಕಾಣದು. ಕೆಟ್ಟದ್ದು ಕುತ್ತಿಗೆಯಲ್ಲಿ. ಹದಿನೆಂಟು ವರ್ಷ ಕುತ್ತಿಗಿ ನೆಟ್ಟಗ ಮಾಡ್ರಿ, ಅಳ್ಳಾಡಬ್ಯಾಡ್ರಿ ಎಂದು ಹೇಳುತ್ತ ಬಂದವನು, ನಿಂತ ಹಕ್ಕಿಯ ನೆಟ್ಟಗಿನ ಕುತ್ತಿಗೆ ಕಣ್ಣಿಗೆ ಒಪ್ಪಿತು, ಹಾಗೇ ಇಟ್ಟು ಧಾರವಾಡಕ್ಕೆ ಕಳಿಸಿದೆ. ಶುಕ್ರವಾರ ಪ್ರೊಫೆಸರು ಜೀಪಿನಲ್ಲಿ ರಾಮಥಾಳದವರೆಗೂ ಬಂದರು, ಇಳಿಯಲಿಲ್ಲ, ಫೋಟೋ ನನ್ನ ಕೈಗೆ ಕೊಟ್ಟರು, ಹಾರುವ ಹಕ್ಕಿಯ ಕುತ್ತಿಗೆ ಹೀಗಿರುವುದಿಲ್ಲ ಕಾಶಪ್ಪನವರೇ, ಇದು ಹಾರುತ್ತಿಲ್ಲ, ಫೋಟೋಕ್ಕೆ ಕೂತಿದೆ, ಹೊಲದಲ್ಲಿ ಹಕ್ಕಿ ಇದ್ದವರು ಹಕ್ಕಿಯನ್ನು ಹೊಲಿಯುವುದಿಲ್ಲ ಎಂದರು. ಜೀಪು ತಿರುಗಿತು. ತಮ್ಮಂದಿರು ನಕ್ಕರು. ಹುಲ್ಲಪ್ಪ ನಗಲಿಲ್ಲ, ಬೈಯಲೂ ಇಲ್ಲ, ಜೀಪಿನ ಗಾಲಿ ಬಿಟ್ಟುಹೋದ ಕೆಸರನ್ನು ನೋಡುತ್ತ ನಿಂತು, ನನ್ನ ಮಾತು ಸುಳ್ಳ ಮಾಡಿದೆಲ್ಲೋ ಕಾಶ್ಯಾ ಎಂದ. ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಪ್ರೊಫೆಸರು ಹುನಗುಂದದ ಪ್ರವಾಸಿ ಮಂದಿರದಲ್ಲಿ ನಾಳೆ ಬೆಳಗಿನವರೆಗೆ ಇದ್ದಾರೆ, ಇವತ್ತು ಹಾರುವ ಹಕ್ಕಿ ಸಿಕ್ಕರೆ ಇಲಕಲ್ಲಿಗೆ ಓಡಿ ರೀಲು ತೊಳೆದು, ಹಸಿಯಿದ್ದಂತೆಯೇ ಸಂಜೆಯ ಬಸ್ಸಿಗೆ ಒಯ್ಯುತ್ತೇನೆ, ಈ ಸಲ ನೆಗೆಟಿವ್ ಸಮೇತ, ಕತ್ತರಿ ಮುಟ್ಟದ ನೆಗೆಟಿವ್, ಬೇಕಾದರೆ ಬಾಗಿಲಲ್ಲೇ ಕೂರುತ್ತೇನೆ, ಅವರು ಬರೆದ ಎರಡು ಸಾಲು ತಂದು ತೋರಿಸಿದರೂ ನಾಳೆ ನೇಗಿಲು ನಿಂತೀತು. ಸಿಗಬೇಕಲ್ಲ. ಹೊತ್ತೇರಿದ ಮೇಲೆ ಒಮ್ಮೆ ಮೇಯಲು ಎದ್ದು ಹೋಗುತ್ತದೆ, ಒಮ್ಮೆ ಬರುತ್ತದೆ, ಹೋಗುವಾಗ ಬರುವಾಗ ಹನ್ನೊಂದು ಸಲ ಒತ್ತಿದ್ದೇನೆ, ಹನ್ನೊಂದೂ ಬರೀ ಮೋಡ, ತೊಳೆದು ನೋಡಬೇಕಾಗಿಲ್ಲ. ನನ್ನದು ಎರಡು ಕಣ್ಣಿನ ಕ್ಯಾಮೆರಾ, ಮೇಲಿನಿಂದ ಬಗ್ಗಿ ಗಾಜಿನಲ್ಲಿ ನೋಡಬೇಕು, ಗಾಜಿನಲ್ಲಿ ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ, ಕೂತ ಮದುಮಕ್ಕಳಿಗೆ ಅದರಿಂದ ಏನು ತ್ರಾಸು, ಆದರೆ ಹಕ್ಕಿ ಬಲಕ್ಕೆ ಹಾರಿದರೆ ಗಾಜಿನಲ್ಲಿ ಎಡಕ್ಕೆ ಓಡುತ್ತದೆ, ಅದರ ಬೆನ್ನು ಹತ್ತಿ ನಾನೂ ಎಡಕ್ಕೆ, ಹಕ್ಕಿ ಅತ್ತ, ನಾನು ಇತ್ತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನಿನ್ನೆಯವರೆಗೆ ಗಾಳಿಯನ್ನು ಬೈಯುತ್ತಿದ್ದೆ. ಕೈಯಲ್ಲೊಂದು ಮಣ್ಣಿನ ಹೆಂಟೆ ಇದೆ, ಯಾವಾಗ ಎತ್ತಿಕೊಂಡೆನೋ, ಒಗೆದರೆ ಈಗಲೇ ಏಳುತ್ತದೆ, ಬಿಸಿಲು ಹದವಾಗಿದೆ, ನಾನು ತಯಾರಾಗಿದ್ದೇನೆ, ಯಾರಿಗೆ ಗೊತ್ತಾಗುತ್ತದೆ — ಹುಲ್ಲಪ್ಪ ಆಚೆ ಬದುವಿನ ಜಾಲಿಯ ಕೆಳಗೆ ಕವಣೆ ಹಿಡಿದು ತತ್ತಿಗೆ ಕಾಗೆ ಬಾರದಂತೆ ಕಾಯುತ್ತಿದ್ದಾನೆ, ಶುಕ್ರವಾರದಿಂದ ನನ್ನ ಕೂಡ ಮಾತು ಬಿಟ್ಟವನು ಹಕ್ಕಿಗಾಗಿ ಒಮ್ಮೆ ಬಾಯಿ ತೆರೆದ, ಎಬ್ಬಸಬ್ಯಾಡ, ತಾನಾಗೇ ಏಳಲಿ, ಹೆದರಿ ಎದ್ದರ ತತ್ತಿಗೆ ತಿರುಗಿ ಬರೂದಿಲ್ಲ, ಆಮ್ಯಾಲ ನಿನ್ನ ಫೋಟೋ ತೊಗೊಂಡು ನಾ ಏನ್ ಮಾಡ್ಲಿ. ಹೆಂಟೆಯನ್ನು ಕೆಳಗಿಟ್ಟೆ. ಕ್ಯಾಮೆರಾದ ಮುಚ್ಚಳದಲ್ಲಿ ಒಂದು ತಗಡಿದೆ, ಒಳಕ್ಕೆ ಒತ್ತಿದರೆ ಚೌಕ ಕಿಂಡಿ, ಅದರಲ್ಲಿ ಗಾಜಿಲ್ಲ, ಕನ್ನಡಿಯಿಲ್ಲ, ಎದುರಿಗಿದ್ದದ್ದು ಎದುರಿಗೇ ಕಾಣುತ್ತದೆ, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತೆರೆದಿಲ್ಲ, ತುಕ್ಕು ಹಿಡಿದಿದೆ, ಉಗುರು ಮುರಿದರೂ ಸರಿ, ಒತ್ತಿದೆ, ತೆರೆಯಿತು. ಕಿಂಡಿಯ ತುಂಬ ಹುಲ್ಲು. ಕಾಲು ಜೋಮು ಹಿಡಿದಿದೆ, ಶಾರವ್ವ ಕಟ್ಟಿಕೊಟ್ಟ ರೊಟ್ಟಿಗೆ ಇರುವೆ ಹತ್ತಿದೆ, ಏಳುವುದಿಲ್ಲ, ಸಂಜೆಯಾದರೂ ಏಳುವುದಿಲ್ಲ.

ಕಡ್ಡಿ ಬಾಗಿತು, ಎದ್ದಿತು, ಮತ್ತೆ ಬಾಗಲಿಲ್ಲ — ಕಡ್ಡಿಯಲ್ಲ, ಬೂದು ಕುತ್ತಿಗೆ, ಕರಿ ಟೊಪ್ಪಿಗೆ, ಅತ್ತ ನೋಡಿತು, ಇತ್ತ ನೋಡಿತು, ಉಸಿರು ಹಿಡಿ ಕಾಶಪ್ಪ, ನಡೆಯಿತು, ಮನೆಯ ಹಿರಿಯಳಂತೆ ಅವಸರವಿಲ್ಲದೆ ಹುಲ್ಲಿನಿಂದ ಹೊರಗೆ ನಡೆಯಿತು, ಈಗ ಬೇಡ, ಈಗಲೂ ಬೇಡ, ಓಡಿತು, ನಾಲ್ಕು ಹೆಜ್ಜೆ, ಆರು, ರೆಕ್ಕೆ ಬಿಚ್ಚಿತು, ನಾನು ಯಾವ ಪೆಟ್ಟಿಗೆಯಿಂದಲೂ ತೆಗೆಯದ ರೆಕ್ಕೆ, ಅಗಲ, ಅಂಚಿನ ಕಪ್ಪಿನಲ್ಲಿ ಬಿಳಿ ಚುಕ್ಕಿ, ನೆಲ ಬಿಟ್ಟಿತು, ಬಲಕ್ಕೆ, ನಾನೂ ಬಲಕ್ಕೆ, ಕಿಂಡಿಯೊಳಗೆ ಅದು, ಅದರ ಸಂಗಡ ನಾನು, ಒತ್ತಿದೆ. ಮುಗಿಯಿತು. ಬಾಲ ಕಡಿದಿರಬಹುದು, ಅರ್ಧ ರೆಕ್ಕೆ ಹೊರಗೆ ಉಳಿದಿರಬಹುದು, ಉಳಿಯಲಿ, ಕುಂಚ ಮುಟ್ಟುವುದಿಲ್ಲ, ಬಂದಷ್ಟನ್ನೇ ಒಯ್ದು ಅವರ ಮುಂದಿಡುತ್ತೇನೆ. ಬದುವಿನ ಮೇಲೆ ಹುಲ್ಲಪ್ಪ ಎದ್ದು ನಿಂತಿದ್ದಾನೆ, ಸಿಕ್ತೇನೋ ಕಾಶ್ಯಾ ಎನ್ನುತ್ತಿದ್ದಾನೆ, ಮೂರು ದಿನದ ಮೇಲೆ ನನ್ನ ಹೆಸರು ಹಿಡಿದಿದ್ದಾನೆ, ಉತ್ತರ ಕೊಡಬೇಕು, ಏಳಬೇಕು, ಬಸ್ಸಿಗೆ ಹೊತ್ತಾಯಿತು, ಆದರೆ ಕುತ್ತಿಗೆ — ನೆಟ್ಟಗಿರಲಿಲ್ಲ, ನಾನು ಯಾರಿಗೂ ಹಾಗೆ ಕೂರಿರೆಂದು ಹೇಳಿರಲಿಲ್ಲ, ಮುಂದಕ್ಕೆ ಚಾಚಿತ್ತು, ಬೂದು ಕುತ್ತಿಗೆ, ಕರಿ ಟೊಪ್ಪಿಗೆ, ಮುಂದಕ್ಕೆ, ಪೂರಾ ಮುಂದಕ್ಕೆ