ಅಂಟಿತು, ಅಂಟಿಸಿದಳು

ದೂರು ಬರೆಯಲು ಕೂತಾಗ ನನ್ನನ್ನು ಕಾಡಿದ್ದು ಅತ್ತಿಗೆಯ ಗತಿಯಲ್ಲ, ಒಂದು ಕ್ರಿಯಾಪದ. ಹೇಳಿಕೊಳ್ಳಲು ನಾಚಿಕೆ. ಪದವಿ ಓದಿದ್ದರ ಫಲ ಇದು: ಮನೆಗೆ ಬೆಂಕಿ ಬಿದ್ದರೂ 'ಬಿತ್ತು' ಸರಿಯೋ 'ಬಿದ್ದಿತು' ಸರಿಯೋ ಎಂದು ನಿಂತು ಯೋಚಿಸುವವಳು ನಾನು.

ಅತ್ತಿಗೆ ಬಸುರಿ. ಆಸ್ಪತ್ರೆಯ ಮಾಮೂಲಿ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇದೆಯೆಂದು ತಿಳಿಯಿತು. ಆಮೇಲೆ ಅಣ್ಣನನ್ನು ಪರೀಕ್ಷಿಸಿದರೆ ಅವನಿಗೂ ಇತ್ತು. ರೋಗ ಹಬ್ಬಿಸಿದವರನ್ನು ಜೈಲಿಗೆ ಹಾಕುವ ಹೊಸ ಕಾನೂನನ್ನು ದೊಡ್ಡಪ್ಪ ಟೀವಿಯಲ್ಲಿ ನೋಡಿದ್ದರು. ಸರಿ, ನಡುಮನೆಯಲ್ಲಿ ಸಭೆ ಸೇರಿತು. ಅತ್ತಿಗೆ ಮಾತ್ರ ಕೋಣೆಯಲ್ಲಿ, ಅರ್ಧ ತೆರೆದ ಬಾಗಿಲ ಹಿಂದೆ.

"ಬರಿಯಮ್ಮ, ನಿನ್ನ ಅಕ್ಷರ ಮುತ್ತಿನ ಹಾಗಿದೆ," ಎಂದರು ದೊಡ್ಡಪ್ಪ. ದೂರು ಅಣ್ಣನ ಹೆಸರಿನಲ್ಲಿ. "'ನನ್ನ ಹೆಂಡತಿ ನನಗೆ ರೋಗ ಅಂಟಿಸಿದಳು.'"

"ಅಂಟಿತು ಅಂತ ಬರೀಲಾ?"

"ಏನಂದೆ? ಬಾಯಿ ಬಿಟ್ಟು ಹೇಳು."

"ಅಂಟಿಸೋದು ಅಂದ್ರೆ... ಗೋಡೆಗೆ ಪೋಸ್ಟರ್ ಅಂಟಿಸ್ತಾರಲ್ಲ, ಹಾಗೆ. ಬೇಕಂತ, ಗೋಂದು ಹಚ್ಚಿ."

ಚಿಕ್ಕಮ್ಮ ನಕ್ಕರು. "ಓದಿದ್ದು ತಲೆಗೇರಿದೆ ಇದಕ್ಕೆ. ಅಂಟಿತು ಅಂದ್ರೆ ಪೊಲೀಸ್ರು ಯಾರನ್ನ ಹಿಡೀತಾರೆ, ಗಾಳೀನಾ?"

ನ್ಯಾಯವಾದ ಮಾತು. ಎಲ್ಲರಿಗೂ ಹಿಡಿಯಲು ಯಾರಾದರೂ ಬೇಕಿತ್ತು. ಅಮ್ಮನಿಗೆ ಅಕ್ಕಪಕ್ಕದವರ ಮುಂದೆ ಬೆರಳು ಮಾಡಿ ತೋರಿಸಲು, ದೊಡ್ಡಪ್ಪನಿಗೆ ಮನೆತನದ ಮಾನ ತೊಳೆಯಲು. ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ ಅಣ್ಣನಿಗೆ, ತನ್ನನ್ನು ಯಾರೂ ಏನೂ ಕೇಳದಿದ್ದರೆ ಸಾಕಿತ್ತು. ನನಗೋ, ಬೇಗ ಮುಗಿಸಿ ಒಳಗೆ ಹೋಗಿ ಇದನ್ನೆಲ್ಲ ಡೈರಿಯಲ್ಲಿ ಉಗ್ರವಾಗಿ ಖಂಡಿಸಬೇಕಿತ್ತು. ಡೈರಿಯಲ್ಲಿ ನಾನು ಹುಲಿ. ನಡುಮನೆಯಲ್ಲಿ ಆ ಹುಲಿ ತಲೆ ತಗ್ಗಿಸಿಕೊಂಡು 'ಅಂಟಿಸಿ' ಎಂಬಲ್ಲಿಯವರೆಗೆ ಬರೆದಿತ್ತು, ಅದೂ ದುಂಡಗೆ.

"ಅನುಮಾನ ಯಾಕೆ," ಅಂದಳು ಅಮ್ಮ. "ಮೊದಲು ಬಂದಿದ್ದು ಅವಳಿಗೇ ತಾನೆ? ರಿಪೋರ್ಟೇ ಹೇಳ್ತಿದೆ."

ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಬಂತು. "ಅತ್ತೆ, ಜೈಲಲ್ಲಿ ಮಾತ್ರೆ ಕೊಡ್ತಾರಾ? ಮಗೂಗೆ ಬರಬಾರದು ಅಂದ್ರೆ ಒಂದು ದಿನಾನೂ ತಪ್ಪಿಸಬಾರದಂತೆ."

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು. ದೊಡ್ಡಪ್ಪ ನನ್ನ ಕಡೆ ನೋಡಿ, "ಹೂಂ, ಮುಗಿಸು," ಎಂದರು.

ನಾನು ಪೆನ್ನಿನ ಮುಚ್ಚಳ ಹುಡುಕಿ ಹಾಕಿದೆ. ವೀರಾವೇಶ ಬಂದವರು ಮುಚ್ಚಳ ಹುಡುಕುವುದಿಲ್ಲವೆಂದು ಕಾಣುತ್ತದೆ.

"ಮೊದಲು ಯಾರಿಗೆ ಬಂತು ಅಂತ ಯಾರಿಗೂ ಗೊತ್ತಿಲ್ಲಮ್ಮ," ಎಂದೆ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಬಸುರಿ ಅಂತ ಅತ್ತಿಗೆ ರಕ್ತ ಮೊದಲು ತೆಗೆದ್ರು, ಅಷ್ಟೆ. ಅಣ್ಣನ ರಕ್ತ ಅಲ್ಲೀವರೆಗೂ ಯಾರೂ ಕೇಳಿರಲಿಲ್ಲ."