ಅಮ್ಮನ ಉತ್ತರಗಳಿದ್ದ ಜಾಗ

ಎಲ್ಲಿಂದ ಶುರು ಮಾಡಲಿ? ‘ಮಗ ಬೆಚ್ಚಿಬಿದ್ದ’ ಎಂದರೆ ಅಗ್ಗದ ಪತ್ತೇದಾರಿಯಾಗುತ್ತದೆ. ‘ಲಿನಕ್ಸ್‌ನಲ್ಲಿ ಧ್ವನಿ ನಿರ್ವಹಣೆ’ ಎಂದರೆ ನೀವು ಪುಟ ತಿರುಗಿಸುತ್ತೀರಿ. (ತಿರುಗಿಸಿದಿರಾ? ವಾಪಸ್ ಬನ್ನಿ.)

೧. ಗಿಣಿ ಬೆಚ್ಚಿಬಿದ್ದ. (ಅಗ್ಗವೇ ಆಗಲಿ.) ಮಿಮಿಕ್ರಿ ಮಾಡುವ ಮಗನಿಗೆ ಅಮ್ಮ ಇಟ್ಟ ಹೆಸರು ಗಿಣಿ. ಅಮ್ಮನ ಗಂಟಲಲ್ಲಿ ಗಡ್ಡೆ. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಹಾಗಾಗಿ ಆಪರೇಷನ್ನಿನ ಹಿಂದಿನ ದಿನ ಅವಳ ಮಾತನ್ನೆಲ್ಲ ಕಂಪ್ಯೂಟರಿಗೆ ತುಂಬಿಕೊಳ್ಳಲು ಕೂತಿದ್ದ. ಅವಳನ್ನು ಮಾತಿಗೆಳೆಯಲು ಪ್ರಶ್ನೆಗಳನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ, ತೀರಿಹೋದ ಅಪ್ಪನ ದನಿಯಲ್ಲಿ.

“ಏನೇ, ನನ್ನ ಕನ್ನಡಕ ಎಲ್ಲಿಟ್ಟೆ?”

“ನಿಮ್ಮ ತಲೆ ಮೇಲೇ ಇದೆಯಲ್ರೀ!” ಅಮ್ಮ ನಕ್ಕೂ ನಕ್ಕೂ ಕೆಮ್ಮಿದ್ದಳು.

೨. (ತಾಂತ್ರಿಕ ಭಾಗ. ಆಕಳಿಸುವವರು ಈಗಲೇ ಆಕಳಿಸಿ.) ಅವನ ಕಂಪ್ಯೂಟರಿನಲ್ಲಿ ಶಬ್ದಕ್ಕೆ ಇಬ್ಬರು ಯಜಮಾನರು: ಜ್ಯಾಕ್ ಮತ್ತು ಪಲ್ಸ್ ಎಂಬ ಎರಡು ತಂತ್ರಾಂಶಗಳು. ಒಂದೇ ಒರೆಯಲ್ಲಿ ಎರಡು ಕತ್ತಿ. ಮೈಕನ್ನು ಜ್ಯಾಕ್ ಹಿಡಿದುಕೊಂಡು ಕೂತ. ಪ್ರಶ್ನೆ ನುಡಿಸುತ್ತಿದ್ದವನು ಪಲ್ಸ್. ರೆಕಾರ್ಡಿಂಗೂ ಅವನ ಕೈಗೇ ಹೋಯಿತು. ಮೈಕು ಸಿಗದ ಪಲ್ಸ್, ತಾನು ನುಡಿಸಿದ್ದನ್ನೇ ತಾನು ರೆಕಾರ್ಡ್ ಮಾಡಿಕೊಂಡ. ಗಿಣಿ ನೋಡುತ್ತಿದ್ದದ್ದು ಜ್ಯಾಕ್‌ನ ಮೀಟರು. ಅಮ್ಮ ಬಾಯಿ ತೆರೆದಾಗಲೆಲ್ಲ ಹಸಿರು ಗೆರೆ ಕುಣಿಯುತ್ತಿತ್ತು. ಕುಣಿದವನೊಬ್ಬ, ರೆಕಾರ್ಡ್ ಮಾಡಿದವನಿನ್ನೊಬ್ಬ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು.

೩. ಆಸ್ಪತ್ರೆಯಿಂದ ಮರಳಿದ ಅಮ್ಮನ ಮುಂದೆ ಫೈಲ್ ಹಾಕಿದ. ಅಪ್ಪನ ದನಿ ಕನ್ನಡಕ ಕೇಳಿತು. ಮೌನ. ಮತ್ತೇನೋ ಕೇಳಿತು. ಮೌನ. ಗಿಣಿ ಮೊದಲ ಸಲ ಬೆಚ್ಚಿಬಿದ್ದದ್ದು ಇಲ್ಲೇ.

೪. ಬದಲಿ ಮುಕ್ತಾಯ: ಗೆಳೆಯನೊಬ್ಬ ಬಂದು ಡಿಸ್ಕಿನ ಮೂಲೆಯಿಂದ ದನಿ ಹೆಕ್ಕಿಕೊಡುತ್ತಾನೆ.

“ಸುಳ್ಳು ಬರೀಬೇಡಿ ಸಾರ್,” ಗಿಣಿ ನನ್ನ ಮೇಲೆ ರೇಗಿದ. “ಒಳಗೆ ಹೋಗದೇ ಇದ್ದದ್ದನ್ನ ಹೆಕ್ಕೋದು ಎಲ್ಲಿಂದ?”

“ಹಾಗಾದ್ರೆ ಅಮ್ಮನ ದನೀಲಿ ನೀನೇ ತುಂಬಿಬಿಡಪ್ಪ. ಊರವರದ್ದೆಲ್ಲ ಬರುತ್ತಲ್ಲ?”

“ಅಮ್ಮಂದೊಂದು ಬರಲ್ಲ ಸಾರ್. ದಿನಾ ಕೇಳೋದನ್ನ ಯಾರು ಕಲೀತಾರೆ?”

೫. ಅಮ್ಮ ಗಾಬರಿಯಾಗಲಿಲ್ಲ. ‘ಮತ್ತೆ ಹಾಕು’ ಎಂದು ಬೆರಳಾಡಿಸಿದಳು. ದನಿ ಕನ್ನಡಕ ಕೇಳಿತು. ಅಮ್ಮ ತಲೆ ಮುಟ್ಟಿ ತೋರಿಸಿದಳು. ಪ್ರತಿ ಮೌನಕ್ಕೂ ಸರಿಯಾಗಿ ಅವಳ ತುಟಿ ಆಡಿತು. ಕೊನೆಗೆ ಅಪ್ಪನ ದನಿ:

“ಗಿಣಿಗೆ ಇನ್ನೇನಾದ್ರೂ ಹೇಳೋದಿದ್ಯೇನೇ?”

ಎಲ್ಲಕ್ಕಿಂತ ಉದ್ದದ ಮೌನ. ತುಟಿ ಆಡುತ್ತಲೇ ಇತ್ತು. ಗಿಣಿ ಎರಡನೇ ಸಲ ಬೆಚ್ಚಿಬಿದ್ದ. ಆವತ್ತು ಇದಕ್ಕೆ ಅವಳು ಏನೆಂದಿದ್ದಳು? ಹೇಗೂ ರೆಕಾರ್ಡ್ ಆಗುತ್ತಿದೆಯಲ್ಲ ಎಂದು ಅವನು ಹಸಿರು ಗೆರೆ ನೋಡುತ್ತಿದ್ದ, ಕೇಳಿಸಿಕೊಂಡೇ ಇರಲಿಲ್ಲ.

(ಅಮ್ಮ ಬರೆದು ತೋರಿಸಲಿ ಎನ್ನುತ್ತೀರಿ. ಹಾಗೆ ಕೇಳಬೇಕಾದರೆ, ಕೇಳಿಸಿಕೊಂಡಿರಲಿಲ್ಲ ಎಂದು ಅವಳ ಮುಂದೆ ಒಪ್ಪಿಕೊಳ್ಳಬೇಕು.)

“ಸಾರ್, ಬರೆಯೋರು ನೀವು. ಏನಂದ್ಲು, ಹೇಳಿ.”

ಏನು ಹೇಳಲಿ? ನಾನೂ ಮೀಟರನ್ನೇ ವರ್ಣಿಸುತ್ತಿದ್ದೆ. ಅಮ್ಮ ಮತ್ತೆ ಬೆರಳಾಡಿಸುತ್ತಿದ್ದಾಳೆ. ಅವನು ಪ್ಲೇ ಒತ್ತುತ್ತಿದ್ದಾನೆ. ನೀವಾದರೂ ಈ ಅಕ್ಷರ ಬಿಟ್ಟು ಅವಳ ತುಟಿ ನೋಡಿ,