ಪುಂಡಲೀಕಪ್ಪನ ಬೆನ್ನುನೋವು

ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆ ಮಾಡಿದವರು ಯಾರೋ ಗೊತ್ತಿಲ್ಲ. ಯಾವುದೋ ಸೇವಾ ಕ್ಲಬ್ಬಿನಲ್ಲಿ ಸಾಮಾನು ಹಂಚುವ ಕೆಲಸ ಮಾಡಿದವರೇ ಇರಬೇಕು. ಗದಗ-ಬೆಟಗೇರಿಯ ನಮ್ಮ ನೆರಳು ಸೇವಾ ಕ್ಲಬ್ಬಿನಲ್ಲಿ ಆ ಕೋಡಂಗಿ ನಾನೇ. ಹೆಸರು ನಸ್ರೀನ, ಬೆಟಗೇರಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದೇನೆ.

ಪದಗ್ರಹಣದ ದಿನ ಎಲ್ಲರಿಗೂ ಒಂದೊಂದು ಜವಾಬ್ದಾರಿ ಹಂಚಿದರು. ರಕ್ತದಾನ, ಕಣ್ಣಿನ ತಪಾಸಣೆ, ಗಿಡ ನೆಡುವುದು, ಹೀಗೆ ಫೋಟೋ ಬರುವಂಥವೆಲ್ಲ ಮೊದಲೇ ಖಾಲಿಯಾದವು. ಉಳಿದದ್ದು ರೋಗಿಗಳಿಗೆ ಪುಕ್ಕಟೆ ಕೊಡುವ ಗಾಲಿಕುರ್ಚಿ, ವಾಕರ್, ಮಂಚಗಳ ಉಸ್ತುವಾರಿ. ಕೊಡುವಾಗ ಶಾಲು, ಹಾರ, ಚಪ್ಪಾಳೆ ಎಲ್ಲ ಇರುತ್ತದೆ. ವಾಸಿಯಾದ ಮೇಲೆ ಅದನ್ನು ತಿರುಗಿ ತರಲು ಮಾತ್ರ ನಾನೊಬ್ಬಳೇ ಹೋಗಬೇಕು. ಶಿರಹಟ್ಟಿಯಲ್ಲಿ ಒಬ್ಬರು ನಮ್ಮ ವಾಕರಿಗೆ ಹೀರೇಕಾಯಿ ಬಳ್ಳಿ ಹಬ್ಬಿಸಿದ್ದರು. ಲಕ್ಷ್ಮೇಶ್ವರದಲ್ಲಿ ನಮ್ಮ ಗಾಲಿಕುರ್ಚಿಯ ಮೇಲೆ ಗ್ಯಾಸ್ ಸಿಲಿಂಡರ್ ಕೂತು ಓಣಿಯೆಲ್ಲ ಮೆರೆಯುತ್ತಿತ್ತು. ಕೇಳಿದರೆ ಮನೆಯವರು, "ಅದಕ್ಕೂ ಪಾಪ ನಡ್ಯಾಕ ಬರೂದಿಲ್ರಿ ಅಕ್ಕಾರ" ಅಂದರು. ನಗಬೇಕೋ, ಬಡಿಯಬೇಕೋ ನನಗೆ ತಿಳಿಯಲಿಲ್ಲ.

"ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ ಅಂತಾರ. ನೀ ಸೊರಗೂದೂ ಕಾಣವಲ್ದಲ್ಲ" ಎಂದು ನನ್ನ ಗಂಡ ಶಫೀಕ ಕೆಣಕುತ್ತಾನೆ. ಅವನಿಗೆ ಅವತ್ತು ಊಟ ತಡವಾಗಿ ಸಿಗುತ್ತದೆ.

ನಮ್ಮ ಸಭೆ ಗುರುವಾರ ಸಂಜೆ, ಮುದಕಪ್ಪನ ಖಾನಾವಳಿಯ ಮಾಳಿಗೆಯ ಮೇಲೆ. ಅಧ್ಯಕ್ಷರು ನಿಜಲಿಂಗಪ್ಪ, ಊರಲ್ಲಿ ದೊಡ್ಡ ಫರ್ನಿಚರ್ ಅಂಗಡಿಯವರು. ಅವರು ಕೊರಳಿಗೆ ಪದಕದ ಪಟ್ಟಿ ಹಾಕಿಕೊಂಡು ಗಂಟೆ ಬಾರಿಸಿದ ಕೂಡಲೇ ನಾವೆಲ್ಲ ಎದ್ದು ನಿಂತು, ಎದೆಯ ಮೇಲೆ ಕೈ ಇಟ್ಟು, "ಕೇಳುವ ಮೊದಲೇ ಕೊಡುವೆ, ಕೊಟ್ಟದ್ದನ್ನು ಆಡೆ" ಎಂದು ಪ್ರತಿಜ್ಞೆ ಹೇಳುತ್ತೇವೆ. ಕೈ ಎದೆಯ ಮೇಲಿದ್ದರೂ ಮೂಗು ಕೆಳಗಿನ ಮೆಣಸಿನಕಾಯಿ ಬಜ್ಜಿಯ ಬಾಣಲೆಯಲ್ಲಿರುತ್ತದೆ.

ಆ ಗುರುವಾರ ಬಜ್ಜಿ ಬರುವ ಮೊದಲೇ ಕಾವೇರಿಯ ಫೋನು ಬಂತು. ಕಾವೇರಿ ಅಂದರೆ ಸುಮಿತ್ರವ್ವನ ಮಗಳು. ಸುಮಿತ್ರವ್ವ ಅಂದರೆ ನನ್ನ ಕೈಗೆ ಮೊಟ್ಟಮೊದಲು ಕತ್ತರಿ ಕೊಟ್ಟು ಹೊಲಿಗೆ ಕಲಿಸಿದಾಕೆ; ಇವತ್ತು ನಾನು ಉಣ್ಣುವ ರೊಟ್ಟಿ ಆಕೆ ಕಲಿಸಿದ ವಿದ್ಯೆಯದು. ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು.

"ನಸ್ರೀನಕ್ಕ, ಅವ್ವನ್ನ ನಾಳೆ ಸಂಜಿಕಿ ಮನಿಗೆ ಬಿಡ್ತಾರಂತ. ಎಲುಬಿಗೆ ರಾಡ್ ಹಾಕ್ಯಾರ. ನೆಲಕ್ಕ ಮಲಗಿಸಲೇಬ್ಯಾಡ್ರಿ, ತಲಿ ಎಬ್ಬಿಸೋ ಮಂಚ ಬೇಕು ಅಂದಾರ ಡಾಕ್ಟ್ರು. ನಮ್ಮನಿ ನಿನಗ ಗೊತ್ತೈತೆಲ್ಲ" ಎಂದಳು. ಗೊತ್ತಿತ್ತು. ಆ ಮನೆಯಲ್ಲಿ ಮಗ್ಗ ಬಿಟ್ಟರೆ ನೆಲದಿಂದ ಎತ್ತರದ ವಸ್ತುವೇ ಇಲ್ಲ.

ಹಿಡಿಕೆ ತಿರುವಿದರೆ ತಲೆಯ ಕಡೆ ಏಳುವಂಥ ಆಸ್ಪತ್ರೆ ಮಂಚ ನಮ್ಮ ಕ್ಲಬ್ಬಿನಲ್ಲಿ ಇರುವುದು ಒಂದೇ. ಅದು ಹಿರೇಹಂದಿಗೋಳದ ಪುಂಡಲೀಕಪ್ಪನ ಮನೆಯಲ್ಲಿತ್ತು. ಮುದುಕ ಹೋದ ವರ್ಷ ಮೇವಿನ ಬಣವೆಯಿಂದ ಬಿದ್ದು ಬೆನ್ನು ನೋಯಿಸಿಕೊಂಡಿದ್ದ. ನಾನು ಫೋನು ಮಾಡಿದಾಗಲೆಲ್ಲ, "ಇನ್ನೂ ಕಡಿಮಿ ಆಗಿಲ್ಲ ತಂಗಿ" ಎಂದು ನರಳುತ್ತಿದ್ದ.

"ರೋಗಿ ಕಡಿಂದ ಮಂಚ ಕಸಗೊಂಡು ಬರೂದು ಬರೋಬ್ಬರಿ ಅಲ್ರಿ ಮೇಡಂ. ಕ್ಲಬ್ಬಿನ ಹೆಸರು ಕೆಡ್ತೈತಿ" ಎಂದರು ನಿಜಲಿಂಗಪ್ಪ.

"ಎಲ್ಲಿ ರೋಗಿರಿ? ನನ್ನ ಮೈದುನ ಮೊಹಸಿನ ಲಕ್ಕುಂಡಿ ಮದಿವಿಗೆ ಕುರ್ಚಿ ಇಳಿಸಾಕ ಹೋಗಿದ್ದ. ನಿಮ್ಮ ರೋಗಿ ಅಲ್ಲಿ ಅನ್ನದ ಕೊಪ್ಪರಿಗಿ ಹೊತಗೊಂಡು ಓಡಾಡಾಕತ್ತಿದ್ನಂತ!" ಎಂದೆ.

ಸಭೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಮರುದಿನ ಬೆಳಿಗ್ಗೆ ಮೊಹಸಿನನ ಟೆಂಪೋ ಹತ್ತಿ ಹೊರಟೇಬಿಟ್ಟೆ.

"ಭಾಬಿ, ಇವತ್ತು ಜುಮ್ಮಾ. ನಮಾಜಿಗೆ ವಾಪಸ್ ಬರಬೇಕು. ಜಗಳ ಜಲ್ದಿ ಮುಗಿಸ್ರಿ" ಎಂದ ಮೊಹಸಿನ.

"ಜಗಳ ಯಾಕ ಆಡ್ತೀನಿ? ನಾ ಏನು ಜಗಳಗಂಟಿ ಏನು?"

ಅವನು ಗೇರ್ ಬದಲಿಸಿದ.

ಪುಂಡಲೀಕಪ್ಪನ ಮನೆ ಇನ್ನೂ ಕೂಗಳತೆ ದೂರ ಇರುವಾಗಲೇ ಕಟ್ಟಿಗೆ ಸೀಳುವ ಸಪ್ಪಳ ಕೇಳಿತು. ಹಿತ್ತಲ ಬೇಲಿಯ ಮೇಲೆ ಕೊಡಲಿಯೊಂದು ಏಳುತ್ತಿತ್ತು, ಇಳಿಯುತ್ತಿತ್ತು. ಟೆಂಪೋದ ಸದ್ದಿಗೆ ಅದು ನಿಂತಿತು. ನಾನು ಇಳಿದು ಪಡಸಾಲೆಗೆ ಬರುವಷ್ಟರಲ್ಲಿ ಮುದುಕ ಮಂಚದ ಮೇಲೆ, ಆ ಸೆಕೆಯಲ್ಲಿ, ಗಲ್ಲದವರೆಗೆ ಕಂಬಳಿ ಹೊದ್ದು ಮಲಗಿದ್ದ. ಹಣೆಯಿಂದ ಬೆವರು ಧಾರಾಕಾರ ಇಳಿಯುತ್ತಿತ್ತು. ಕಂಬಳಿಯ ಇನ್ನೊಂದು ತುದಿಯಿಂದ ಚಪ್ಪಲಿ ಹಾಕಿದ ಪಾದಗಳು ಹೊರಗೆ ಇಣುಕುತ್ತಿದ್ದವು.

"ಅಯ್ಯಯ್ಯೋ... ಯಾರವಾ?"

"ನಾನ್ರಿ ಅಜ್ಜಾರ, ಕ್ಲಬ್ಬಿನ ನಸ್ರೀನ. ಬೆನ್ನು ಹ್ಯಾಂಗೈತಿ?"

"ಏನ್ ಹೇಳ್ಲಿ ತಂಗಿ, ಮಗ್ಗಲ ಬದಲಿಸಾಕ ಆಗವಲ್ದು."

"ಮಗ್ಗಲ ಬದಲಿಸಾಕ ಆಗೂದಿಲ್ಲ, ಕೊಡ್ಲಿ ಎತ್ತಾಕ ಆಗ್ತೈತಿ?"

ಮುದುಕ ಕಣ್ಣು ಮುಚ್ಚಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ನನ್ನ ಪಿತ್ತ ನೆತ್ತಿಗೇರಿತು. ಯಾ ಅಲ್ಲಾ, ಏನೇನು ಅಂದೆನೋ!

"ಲಕ್ಕುಂಡಿ ಮದಿವ್ಯಾಗ ಕೊಪ್ಪರಿಗಿ ಹೊತ್ತದ್ದು ಯಾರ ಬೆನ್ನು ಅಜ್ಜಾರ? ಬಾಡಿಗಿ ತಂದಿದ್ರೇನು? ಅಲ್ಲಿ ಒಬ್ಬಾಕಿ ತೊಡಿ ಮುರಕೊಂಡು ಸಂಜಿಕಿ ಬರಾಕತ್ತಾಳ, ಮಲಗಾಕ ಜಾಗಾ ಇಲ್ಲ. ಇಲ್ಲಿ ನೀವು ಗಟ್ಟಿಮುಟ್ಟ ಇದ್ದು ಮಂಚ ಅವಚಿಕೊಂಡು ಮಲಗೀರಿ. ಇಷ್ಟ ವಯಸ್ಸಾಗೈತಿ, ನಾಚಿಕಿ ಆಗೂದಿಲ್ಲ?"

ಮುದುಕ ಕಣ್ಣು ತೆರೆದಿದ್ದ. ಆದರೆ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ, ಬಾಗಿಲ ಕಡೆ ನೋಡುತ್ತಿದ್ದ. ತಿರುಗಿದರೆ ಆತನ ಹೆಂಡತಿ ಮರಿಯವ್ವ. ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದವಳು ಡಬ್ಬಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಖರೇನ್ರಿ?" ಎಂದು ಗಂಡನನ್ನು ಕೇಳಿದಳು. "ಬೆನ್ನು ಆರಾಮಾಗೈತೇನು?"

ಪುಂಡಲೀಕಪ್ಪ ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡ. ನನಗೂ ಇರುಸುಮುರುಸಾಯಿತು. "ಕುಂಡ್ರಿ ಯವ್ವಾ, ಕುಂತು ಮಾತಾಡೂಣು" ಎಂದೆ.

"ಬ್ಯಾಡ ತಂಗಿ. ನೆಲಕ್ಕ ಕುಂತ್ರ ನನಗ ಏಳಾಕ ಬರೂದಿಲ್ಲ" ಎಂದವಳು, ಹೇಳಬಾರದ್ದು ಹೇಳಿದೆ ಅನ್ನುವಂತೆ ತಟ್ಟನೆ ಬಾಯಿ ಮುಚ್ಚಿದಳು.

ಮುದುಕ ಕಂಬಳಿ ಸರಿಸಿ ಎದ್ದು ಕೂತ. ಬೆನ್ನು ಕೋಲಿನಷ್ಟು ನೆಟ್ಟಗಿತ್ತು.

"ಆರಾಮಾಗಿ ಭಾಳ ದಿನ ಆತು ತಂಗಿ. ಒಂದಿನ ಸೆಕಿ ಅಂತ ನಾ ಕೆಳಗ ಇಳಿದು ಮಲಗಿದ್ದೆ. ರೋಗಿ ಮಂಚ ಖಾಲಿ ಬಿಡಬಾರದು ಅಂತ ಸುಳ್ಳ ಹೇಳಿ ಇಕಿನ್ನ ಮ್ಯಾಲ ಮಲಗಿಸಿದೆ. ಮುಂಜಾನೆ ಗ್ವಾಡಿ ಆಸರಾ ಇಲ್ದಽ ಎದ್ದು ನಿಂತ್ಲು. ಅಕಿ ಹಂಗ ಎದ್ದದ್ದು ನೋಡಿ ಎಷ್ಟು ವರ್ಷ ಆಗಿತ್ತೋ! ಮಂಚ ಕೊಂಡು ತರ್ತೀನಿ ಅಂದೆ. ನಾನೇನು ರೋಗಿ ಏನು, ನನಗ್ಯಾಕ ಮಂಚ ಅಂತ ಜಗಳಕ್ಕ ಬಂದ್ಲು. ಮನ್ಯಾಗ ರೋಗಿ ಇದ್ರಷ್ಟ ಮಂಚ ಇರ್ತೈತಿ. ಅದಕ್ಕ ನಾನಽ ರೋಗಿ ಆಗಿ ಉಳದೆ. ರಾತ್ರಿ ಸೆಕಿ ನೆಪ ಮಾಡಿ ನಾ ಕೆಳಗ, ಇಕಿ ಮ್ಯಾಲ."

ನನ್ನಂಥ ಬಾಯಿಬಡುಕಿಗೂ ನಾಚಿಕೆಯಾಯಿತು, ಖರೆ ಹೇಳುತ್ತೇನೆ. ಈ ಮುದುಕ ಹಗಲೆಲ್ಲ ನರಳುವ ನಾಟಕ ಆಡಿದ್ದು ಹೆಂಡತಿಯ ಮೊಣಕಾಲಿಗಾಗಿ. ನಾನು ಬಂದು ಆಕೆಯ ಎದುರೇ ಅದನ್ನು ಹರಿದು ಹಾಕಿದ್ದೆ. ಹಾಗಂತ ಮಂಚ ಬಿಟ್ಟು ಹೋಗುವಂತೆಯೂ ಇರಲಿಲ್ಲ. ಸಂಜೆಗೆ ಸುಮಿತ್ರವ್ವ ಬರುವವಳಿದ್ದಳು.

ನನ್ನ ಸಂಕಟ ಕಳೆದವಳು ಮರಿಯವ್ವನೇ. ಮುಖ ಕೆಂಪಾಗಿತ್ತು, ದನಿ ಗಡುಸಾಗಿತ್ತು. "ಮಂಚ ಒಯ್ಯಿ ತಂಗಿ. ತೊಡಿ ಮುರದಾಕಿ ಮೊದ್ಲು. ನನಗೇನಾಗೈತಿ? ಗುಂಡಕಲ್ಲ ಇದ್ದಂಗ ಅದೀನಿ" ಎಂದು, ಗೋಡೆಗೆ ಒಂದು ಕೈ ಹಚ್ಚಿಕೊಂಡೇ ಒಳಗೆ ಹೋದಳು.

ಮಂಚದ ಒಂದು ತುದಿ ಮೊಹಸಿನ ಹಿಡಿದ, ಇನ್ನೊಂದು ತುದಿ ಪುಂಡಲೀಕಪ್ಪ. ಒಂದು ಸಲವೂ ನರಳದೆ ಟೆಂಪೋಕ್ಕೆ ಏರಿಸಿಕೊಟ್ಟ. ದಾರಿಯುದ್ದಕ್ಕೂ ನಾನು ಮಾತಾಡದ್ದು ನೋಡಿ ಮೊಹಸಿನ, "ಭಾಬಿ, ಆರಾಮ ಅದೀರಿಲ್ಲೋ?" ಎಂದು ಎರಡು ಸಲ ಕೇಳಿದ.

ಸಂಜೆ ಸುಮಿತ್ರವ್ವ ಬಂದಳು. ಕಾವೇರಿ ಹಿಡಿಕೆ ತಿರುವಿದಳು, ಮಂಚದ ತಲೆ ಮೆಲ್ಲಗೆ ಎದ್ದಿತು, ಸುಮಿತ್ರವ್ವ ತನ್ನ ಕೈಯಾರೆ ಗಂಜಿ ಕುಡಿದಳು. ಕಣ್ಣಿಗೆ ತಂಪಾಯಿತು. ಲೋಟ ಕೆಳಗಿಟ್ಟವಳೇ ನನ್ನನ್ನು ನೋಡಿದಳು.

"ಯಾಕಲೇ ನಸ್ರೀನಾ, ಮಾರಿ ಸಣ್ಣ ಮಾಡೀದಿ?"

ಆಕೆಯ ಎದುರು ನನಗೆ ಸುಳ್ಳು ಬರುವುದಿಲ್ಲ. ಎಲ್ಲ ಹೇಳಿದೆ. ಆಕೆ ಮಂಚದ ಅಂಚು ಸವರುತ್ತ, "ಹಂಗಾದ್ರ ಅಕಿ ಇವತ್ತು ಎಲ್ಲಿ ಮಲಗ್ತಾಳ?" ಎಂದಳು.

ಶನಿವಾರ ಅಂಗಡಿಯ ಬಾಗಿಲು ತೆರೆಯುವಾಗಲೇ ನಿಜಲಿಂಗಪ್ಪನವರ ಎದುರು ನಿಂತಿದ್ದೆ.

"ಅಧ್ಯಕ್ಷರ, ಒಂದು ಮಂಚ ಕೊಡ್ರಿ."

"ಬರ್ರಿ ಮೇಡಂ, ಬರ್ರಿ. ಯಾವ ಸೈಜು?"

"ಪುಕ್ಕಟೆ ಸೈಜು."

ಕತೆ ಕೇಳಿ ಅವರ ಕಣ್ಣು ತೇವವಾಯಿತು, ಮನುಷ್ಯ ಒಳ್ಳೆಯವರೇ. ಆದರೆ ಅಧ್ಯಕ್ಷರಲ್ಲವೇ? "ಗುರುವಾರ ಸಭಾದಾಗ ಠರಾವು ಪಾಸ್ ಮಾಡೂಣು. ಬ್ಯಾನರ್ ಬರಸೂಣು. ಯಾರರೆ ಅತಿಥಿನ್ನ ಕರದು..."

"ಕೇಳುವ ಮೊದಲೇ ಕೊಡುವೆ ಅಂತ ವಾರಾ ವಾರಾ ಒದರೂದು ಯಾರ್ರಿ?"

"ನೀವು ಈಗ ಕೇಳೀರಲ್ರಿ ಮೇಡಂ. ಕೇಳಿದ ಮ್ಯಾಲ ಪ್ರತಿಜ್ಞೆ ಲಾಗೂ ಆಗೂದಿಲ್ಲ" ಎಂದು ನಕ್ಕರು. ನಗುತ್ತಲೇ ಆಳನ್ನು ಕರೆದು ಗಟ್ಟಿಮುಟ್ಟಾದ ಬೇವಿನ ಮಂಚವೊಂದನ್ನು ಇಳಿಸಿದರು. ತಾವೂ ಟೆಂಪೋ ಹತ್ತಿದರು. ಕಂಕುಳಲ್ಲಿ ಕ್ಲಬ್ಬಿನ ಹಳೆಯ ಬ್ಯಾನರಿನ ಸುರುಳಿ ಇತ್ತು. ನಾನು ಅದನ್ನು ಕಸಿದು ಅಂಗಡಿಯೊಳಗೆ ಎಸೆದೆ.

ಹಿರೇಹಂದಿಗೋಳದಲ್ಲಿ ಮಂಚ ಪಡಸಾಲೆಗೆ ಇಳಿಯುತ್ತಿದ್ದಂತೆ ಅಕ್ಕಪಕ್ಕದ ಮನೆಯವರು ಬಂದು ಕಟ್ಟೆಯ ಬಳಿ ನಿಂತರು. ಮರಿಯವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು.

"ಮತ್ಯಾಕ ತಂದಿ ತಂಗಿ? ನಮ್ಮನ್ಯಾಗ ರೋಗಿ ಯಾರೂ ಇಲ್ಲ. ದಾನ ನಮಗ ಬ್ಯಾಡ."

"ದಾನ ಅಲ್ಲ ಯವ್ವಾ. ಬಳಸಿ ತಿರುಗಿ ಕೊಡೂದು. ಎಷ್ಟು ದಿನ ಬೇಕು ಅಷ್ಟು ದಿನ ಇಟ್ಟಕೋರಿ. ಆದ್ರ ಕ್ಲಬ್ಬಿಂದು ಒಂದು ನಿಯಮ ಐತಿ. ನೋವು ಯಾರಿಗೆ ಐತಿ ಅವರು ತಮ್ಮ ಬಾಯಿಲೆ ಹೇಳಬೇಕು. ಇಲ್ಲಂದ್ರ ಮಂಚ ವಾಪಸ್."

ಅಂಥ ನಿಯಮ ನಮ್ಮಲ್ಲಿ ಇಲ್ಲ. ಆ ಕ್ಷಣಕ್ಕೆ ನಾನೇ ಮಾಡಿದ್ದು. "ಇದು ಯಾವಾಗ..." ಎಂದು ನಿಜಲಿಂಗಪ್ಪ ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.

ಪುಂಡಲೀಕಪ್ಪನ ಕೈ ತಾನಾಗಿ ಸೊಂಟಕ್ಕೆ ಹೋಯಿತು. "ಅಯ್ಯಯ್ಯೋ, ನನ್ನ ಬೆನ್ನು..."

"ಸುಮ್ಮ ಕುಂಡ್ರಿ" ಎಂದಳು ಮರಿಯವ್ವ.

ಮುದುಕ ಸೊಂಟದಿಂದ ಕೈ ತೆಗೆದು ಅಲ್ಲೇ ಕೂತ. ಆಕೆ ಮಂಚ ನೋಡಿದಳು, ಕಟ್ಟೆಯ ಬಳಿ ನಿಂತ ಮಂದಿಯನ್ನು ನೋಡಿದಳು, ಸೆರಗು ಸರಿ ಮಾಡಿಕೊಂಡಳು. ಏನೋ ಹೇಳಲು ಹೋಗಿ ನಿಲ್ಲಿಸಿದಳು. ಈಕೆ ಹೇಳುವುದಿಲ್ಲ, ಮಂಚ ಮತ್ತೆ ಹೊತ್ತು ಒಯ್ಯಬೇಕಾಗುತ್ತದೆ, ಹಾಳಾದ ನನ್ನ ಬಾಯಿ ಮತ್ತೊಮ್ಮೆ ಎಲ್ಲ ಕೆಡಿಸಿತು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

"ಅವರಿಗೇನೂ ಆಗಿಲ್ಲ" ಎಂದಳು ಕಡೆಗೆ. "ನನ್ನ ಮೊಣಕಾಲು ನೋಯ್ತಾವ. ಭಾಳ ನೋಯ್ತಾವ. ಮಂಚ ನನಗ ಬೇಕು."

ಚಪ್ಪಾಳೆಗೆಂದು ರೂಢಿಯಂತೆ ಎದ್ದ ನಿಜಲಿಂಗಪ್ಪನವರ ಕೈಗಳು ಅರ್ಧಕ್ಕೇ ಇಳಿದವು. ಮರಿಯವ್ವ ಚೌಕಟ್ಟು ಬಿಟ್ಟು ನಾಲ್ಕು ಹೆಜ್ಜೆ ನಡೆದು ಬಂದು, ಹಾಡಹಗಲು, ಎಲ್ಲರ ಎದುರು, ಮಂಚದ ಮೇಲೆ ಕೂತಳು. ಎರಡೂ ಕೈ ಮಗ್ಗುಲಿಗೆ ಊರಿ ದೊಡ್ಡದೊಂದು ಉಸಿರು ಬಿಟ್ಟಳು. ನನಗೆ ಅಳು ಬಂತು. ಧೂಳು ಬಿತ್ತೆಂದು ನೆಪ ಹೇಳಿ ಕಣ್ಣು ಒರೆಸಿಕೊಂಡೆ.

ಪುಂಡಲೀಕಪ್ಪನಿಗೆ ಸಂಭ್ರಮ. "ಏ, ಮಂದಿ ಬಂದಾರ. ಚಾ ಮಾಡ" ಎಂದ.

"ನಾ ಈಗ ಕುಂತೀನ್ರಿ" ಎಂದಳು ಮರಿಯವ್ವ. "ನೀವಽ ಮಾಡ್ರಿ."

ಮುದುಕ ನಮ್ಮ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಎದ್ದು ಒಳಗೆ ಹೋದ. ಪಾತ್ರೆಗಳು ಒಂದರ ಮೇಲೊಂದು ಬಿದ್ದವು. "ಸಕ್ಕರಿ ಎಲ್ಲೈತಿ?" ಎಂದು ಒಳಗಿನಿಂದ ಕೂಗು ಬಂತು.

"ಹುಡುಕ್ರಿ" ಎಂದಳು.

ಚಹಾ ಬರುವುದಕ್ಕೆ ಬಹಳ ಹೊತ್ತಾಯಿತು. ಮರಿಯವ್ವ ಏಳಲಿಲ್ಲ.